ಕೋಲ್ಕತ್ತಾದ ರೆಕಾರ್ಡ್ ರಾಣಿ ಗೌಹರ್ ಜಾನ್: ಕೊನೆಯುಸಿರೆಳೆದಿದ್ದು ನಮ್ಮ ಮೈಸೂರಲ್ಲಿ

ಮೊಬೈಲ್ ಅಂಗಡಿಗೆ ಹೋಗಿ ಮೆಮೊರಿ ಕಾರ್ಡ್‌ಗೆ ಹಾಡು ತುಂಬಿಸಿಕೊಂಡು ಬರುವ ಕಾಲವೂ ಮುಗೀತು. ಆದರೆ ಹಾಡನ್ನು ಅಂಗಡಿಯಲ್ಲಿಟ್ಟು ಮಾರಬಹುದು ಅಂತ ನಮ್ಮ ದೇಶದ ವ್ಯಾಪಾರಿಗಳಿಗೆ ತೋರಿಸಿಕೊಟ್ಟವರಲ್ಲಿ ಒಬ್ಬ ಹೆಣ್ಣುಮಗಳ ದನಿ ದೊಡ್ಡದು. ಅವರೇ ಗೌಹರ್ ಜಾನ್.

ಹುಟ್ಟಿದ್ದು 1873ರಲ್ಲಿ, ಉತ್ತರ ಪ್ರದೇಶದ ಆಜಂಗಢದಲ್ಲಿ. ಮೊದಲ ಹೆಸರು ಆಂಜೆಲಿನಾ. ತಂದೆ ಅರ್ಮೇನಿಯನ್ ಮೂಲದವರು. ತಂದೆ ತಾಯಿ ಬೇರೆಯಾದ ಮೇಲೆ ತಾಯಿ ಇಸ್ಲಾಂಗೆ ಸೇರಿ ಮಲ್ಕಾ ಜಾನ್ ಆದರು, ಮಗಳು ಗೌಹರ್ ಆದಳು. ಕಾಶಿಯಿಂದ ಇಬ್ಬರೂ ಕೋಲ್ಕತ್ತಾಗೆ ಬಂದು ಚಿತ್ಪುರ ರಸ್ತೆಯಲ್ಲಿ ನೆಲೆಸಿದರು. ಹಾಡು, ಕುಣಿತದಲ್ಲಿ ಹೆಸರು ಮಾಡಲು ಗೌಹರ್‌ಗೆ ಹೆಚ್ಚು ದಿನ ಬೇಕಾಗಲಿಲ್ಲ.

1902ರಲ್ಲಿ ಇಂಗ್ಲೆಂಡಿನ ಗ್ರಾಮೊಫೋನ್ ಕಂಪನಿಯ ಫ್ರೆಡ್ ಗೈಸ್‌ಬರ್ಗ್ ಕೋಲ್ಕತ್ತಾಗೆ ಬಂದಿಳಿದರು. ಹೋಟೆಲ್ ಕೋಣೆಯೇ ಸ್ಟುಡಿಯೊ. ಮೈಕ್ ಇಲ್ಲ, ಕರೆಂಟ್ ಇಲ್ಲ. ದೊಡ್ಡ ತುತ್ತೂರಿಯಂಥ ಕೊಳವೆಗೆ ಬಾಯಿಟ್ಟು ಗಟ್ಟಿಯಾಗಿ ಹಾಡಬೇಕು, ಅತ್ತ ಸೂಜಿ ಮೇಣದ ತಟ್ಟೆ ಮೇಲೆ ಗೀರುತ್ತೆ. ಸಮಯ ಸುಮಾರು ಮೂರು ನಿಮಿಷ, ಅಷ್ಟೇ. ರಾತ್ರಿಯಿಡೀ ಹಾಡುವ ಸಂಗೀತವನ್ನು ಮೂರು ನಿಮಿಷಕ್ಕೆ ಇಳಿಸೋದು ಹೇಗೆ? ಗೌಹರ್ ಅದನ್ನು ಸಾಧಿಸಿದರು. ನೇರವಾಗಿ ಹಾಡಿಗಿಳಿದು, ಚುರುಕಾಗಿ ಮುಗಿಸಿ, ಕೊನೆಗೆ ಇಂಗ್ಲಿಷಿನಲ್ಲಿ ತಮ್ಮ ಹೆಸರು ಹೇಳಿಬಿಡುತ್ತಿದ್ದರು. ಅದು ಜಂಬಕ್ಕಲ್ಲ. ತಟ್ಟೆ ಅಚ್ಚಾಗುತ್ತಿದ್ದದ್ದು ಜರ್ಮನಿಯ ಹ್ಯಾನೋವರ್‌ನಲ್ಲಿ. ಅಲ್ಲಿನವರಿಗೆ ಯಾರ ಹಾಡು ಯಾವುದು ಅಂತ ತಿಳಿಯಬೇಕಲ್ಲ!

ಅವರೇ ಮೊದಲು ಹಾಡಿದ್ದು ಅಂತ ಬಹಳ ಕಡೆ ಬರೆದಿರುತ್ತಾರೆ. ನಿಜ ಹೇಳಬೇಕೆಂದರೆ ಕೆಲವೇ ದಿನ ಮುಂಚೆ ಅದೇ ಊರಿನ ಇಬ್ಬರು ಹುಡುಗಿಯರ ದನಿ ಮುದ್ರಣವಾಗಿತ್ತು. ಆದರೆ ಅಂಗಡಿಯಲ್ಲಿ ಓಡಿದ್ದು ಗೌಹರ್ ಹೆಸರು.

ವ್ಯಾಪಾರವೂ ಬೆಳೆಯಿತು. ಕುಂತಲೀನ್ ತಲೆಗೆಣ್ಣೆ, ಸೈಕಲ್ ಮಾರುತ್ತಿದ್ದ ಕೋಲ್ಕತ್ತಾದ ಎಚ್. ಬೋಸ್ ಕೂಡ ಈ ಲೈನಿಗೆ ಇಳಿದು ಸ್ವಂತ ರೆಕಾರ್ಡ್ ಹೊರತಂದರು. 1908ಕ್ಕೆ ಗ್ರಾಮೊಫೋನ್ ಕಂಪನಿ ಕೋಲ್ಕತ್ತಾದ ಸಿಯಾಲ್ದಾದಲ್ಲೇ ಕಾರ್ಖಾನೆ ಹಾಕಿತು. ಹತ್ತಕ್ಕೂ ಹೆಚ್ಚು ಭಾಷೆಗಳಲ್ಲಿ ಗೌಹರ್ ಸುಮಾರು 600 ರೆಕಾರ್ಡ್ ಕೊಟ್ಟರು ಎಂಬ ಲೆಕ್ಕವಿದೆ. ಬೆಂಕಿಪೊಟ್ಟಣದ ಮೇಲೂ ಅವರ ಚಿತ್ರ ಬಂತು. 1911ರ ದೆಹಲಿ ದರ್ಬಾರಿನಲ್ಲಿ ಜಾನಕಿ ಬಾಯಿ ಜೊತೆ ಚಕ್ರವರ್ತಿಯ ಮುಂದೆ ಹಾಡಿದರು.

ದುಡ್ಡು ಬಂದಷ್ಟೇ ಬೇಗ ಹೋಯಿತು. ಮನೆಯಲ್ಲಿ ಸಾಕಿದ್ದ ಆಳಿನ ಮಗ ಆಸ್ತಿಗೆ ತಾನೇ ವಾರಸುದಾರ ಅಂತ ಕೋರ್ಟಿಗೆ ಹೋದ. ಆ ಕೇಸು ಗೆದ್ದರು. ಆಮೇಲೆ ವ್ಯವಹಾರ ನೋಡಿಕೊಳ್ಳುತ್ತಿದ್ದವನನ್ನೇ ನಂಬಿ ಮದುವೆಯಾದರು. ಅದೂ ಕೋರ್ಟಿನ ಮೆಟ್ಟಿಲೇರಿತು, ಆಸ್ತಿ ಕರಗಿತು. ಹಾಡಿದ ದಿನ ಕೈಗೆ ಬಂದ ಗಂಟು ಎಷ್ಟೇ ದೊಡ್ಡದಿರಲಿ, ಎಷ್ಟು ದಿನ ಬಂದೀತು? ತಟ್ಟೆಗಳೇನೋ ಮಾರಾಟ ಆಗುತ್ತಲೇ ಇದ್ದವು.

1928ರಲ್ಲಿ ಕಂಪನಿ ಡಮ್‌ಡಮ್‌ನಲ್ಲಿ ಇನ್ನೂ ದೊಡ್ಡ ಕಾರ್ಖಾನೆ ತೆರೆಯಿತು. ಈಗಿನ ಸಾರೆಗಾಮಾ ಇದೆಯಲ್ಲ, ಅದು ಇದೇ ಕಂಪನಿ. ಅದೇ ವರ್ಷ ಆಗಸ್ಟ್‌ನಲ್ಲಿ ಗೌಹರ್ ಮೈಸೂರಿಗೆ ಬಂದರು. ನಾಲ್ವಡಿ ಕೃಷ್ಣರಾಜ ಒಡೆಯರ್ ಅವರನ್ನು ಆಸ್ಥಾನಕ್ಕೆ ನೇಮಿಸಿಕೊಂಡಿದ್ದರು. ತಿಂಗಳಿಗೆ 500 ರೂಪಾಯಿ ಸಂಬಳ, ಇರೋದಕ್ಕೆ ದಿಲ್‌ಖುಷ್ ಕಾಟೇಜ್. ಒಂದೂವರೆ ವರ್ಷವೂ ಕಳೆಯಲಿಲ್ಲ. 1930ರ ಜನವರಿ 17ರಂದು ನಮ್ಮ ಕೆ.ಆರ್. ಆಸ್ಪತ್ರೆಯಲ್ಲೇ ತೀರಿಕೊಂಡರು. ಆಗ ಅವರಿಗೆ 56 ವರ್ಷ.