ಜೋಳಿಗೆಯ ಅನ್ನ, ಗವಾಯಿಗಳ ಹಾಡು

ಈ ಲೇಖನವನ್ನು ನಾನು ಬಾಯಲ್ಲಿ ಹೇಳುತ್ತಿದ್ದೇನೆ, ನಮ್ಮ ವೇದಿಕೆಯ ಗೆಳತಿಯೊಬ್ಬರು ಟೈಪ್ ಮಾಡಿಕೊಳ್ಳುತ್ತಿದ್ದಾರೆ. ಗ್ಲಾಕೋಮಾದಿಂದ ನನ್ನ ಕಣ್ಣು ಮಂದವಾಗಿ ನಾಲ್ಕು ವರ್ಷವಾಯಿತು. ಈ ಹೈದರಾಬಾದಿನಲ್ಲಿ ಕಾಚಿಗುಡದ ಕರ್ನಾಟಕ ಸಾಹಿತ್ಯ ಮಂದಿರದವರೆಗೆ ಹೋಗಬೇಕೆಂದರೂ ಯಾರದಾದರೂ ತೋಳು ಹಿಡಿಯಬೇಕು. ಇನ್ನೊಬ್ಬರಿಗೆ ಹೊರೆಯಾಗುವುದು ಬೇಡವೆಂದು ಮೊದಮೊದಲು ಮನೆಯಲ್ಲೇ ಕೂತುಬಿಟ್ಟೆ. ಆಗ ಮತ್ತೆ ಮತ್ತೆ ನೆನಪಾದವರು ನಮ್ಮ ಹಾವೇರಿ ಸೀಮೆಯ ಪಂಚಾಕ್ಷರಿ ಗವಾಯಿಗಳು.

ಗವಾಯಿಗಳು ಹುಟ್ಟಿದ್ದು 1892ರಲ್ಲಿ, ಕಾಡಶೆಟ್ಟಿಹಳ್ಳಿಯಲ್ಲಿ. ಮೊದಲ ಹೆಸರು ಗದಿಗೆಯ್ಯ. ಹುಟ್ಟಿನಿಂದಲೇ ಕಣ್ಣಿಲ್ಲ, ಸಹೋದರ ಗುರುಬಸಯ್ಯನಿಗೂ ಹಾಗೆಯೇ. ಒಂದೇ ಮನೆಯಲ್ಲಿ ಇಬ್ಬರು ಅಂಧ ಮಕ್ಕಳು! ಆ ತಾಯಿ ನೀಲಮ್ಮನ ಸಂಕಟವನ್ನು ಹೆಂಗಸರಾದ ನಮಗೆ ಯಾರೂ ಬಿಡಿಸಿ ಹೇಳಬೇಕಾಗಿಲ್ಲ.

ಮಕ್ಕಳ ಕಂಠ ಚೆನ್ನಾಗಿತ್ತು. ಅದನ್ನು ಗುರುತಿಸಿದವರು ಹಾನಗಲ್ಲ ಕುಮಾರ ಸ್ವಾಮಿಗಳು. ಅವರು ಬರೀ ಕನಿಕರಪಟ್ಟು ಸುಮ್ಮನಾಗಲಿಲ್ಲ, ಇಬ್ಬರನ್ನೂ ಕರೆದುಕೊಂಡು ಸಂಗೀತ ಕಲಿಯುವ ವ್ಯವಸ್ಥೆ ಮಾಡಿದರು. ಗದಿಗೆಯ್ಯ ಮೊದಲು ಕರ್ನಾಟಕ ಸಂಗೀತ ಕಲಿತರು. ಮುಂದೆ ನೀಲಕಂಠಬುವಾ ಮಿರಜಕರ ಮತ್ತು ಕಿರಾಣಾ ಘರಾಣೆಯ ಉಸ್ತಾದ್ ಅಬ್ದುಲ್ ವಹೀದ್ ಖಾನರಿಂದ ಹಿಂದುಸ್ತಾನಿ ಕಲಿತರು. ಒಬ್ಬ ಕುರುಡು ಹುಡುಗನ ಕಲಿಕೆಗೆ ಮಠ, ಬುವಾ, ಉಸ್ತಾದ್ ಎಲ್ಲರೂ ಒದಗಿಬಂದದ್ದನ್ನು ನೆನೆದರೆ ನನಗೆ ಈಗಲೂ ಸೋಜಿಗ.

ಕಲಿತ ಮೇಲೆ ಗವಾಯಿಗಳು ಕಛೇರಿ ಮಾಡಿ ಸುಖವಾಗಿರಬಹುದಿತ್ತು. ಅವರು ಹಾಗೆ ಮಾಡದೆ ಅಂಧರನ್ನೂ ಅನಾಥರನ್ನೂ ಕೂಡಿಸಿಕೊಂಡು ಸಂಗೀತ ಶಾಲೆ ಕಟ್ಟಿದರು. ಅದು ಊರಿಂದೂರಿಗೆ ಹೋಗುವ ಶಾಲೆ. ತಂಬೂರಿ, ತಬಲಾ, ಹಾರ್ಮೋನಿಯಂ, ಹಿಂದೆ ಮಕ್ಕಳ ಸಾಲು. ಬೀಡುಬಿಟ್ಟ ಊರಿನ ಭಕ್ತರು ಕೊಟ್ಟ ಜೋಳ, ಬೇಳೆಯಲ್ಲೇ ಊಟ. ಅಷ್ಟು ಹೊಟ್ಟೆಗಳನ್ನು ಬೇರೆಯವರ ದಾನದಲ್ಲಿ ತುಂಬಿಸುವುದು ಸುಲಭದ ಮಾತಲ್ಲ. ತಿಂಗಳ ಸಾಮಾನಿನ ಪಟ್ಟಿ ಬರೆಯುವ ನಮಗೆ ಅದು ಗೊತ್ತು. ಬೆನ್ನಿಗಿದ್ದ ಕುಮಾರ ಸ್ವಾಮಿಗಳು 1930ರಲ್ಲಿ ಲಿಂಗೈಕ್ಯರಾದರು. ಗವಾಯಿಗಳು ಶಾಲೆ ಮುಚ್ಚಲಿಲ್ಲ. ಕೊನೆಗೆ ಅದು ಗದಗಿನಲ್ಲಿ ವೀರೇಶ್ವರ ಪುಣ್ಯಾಶ್ರಮವಾಗಿ ನೆಲೆನಿಂತಿತು.

ಅಲ್ಲಿ ಕಣ್ಣಿದ್ದವರೂ ಇಲ್ಲದವರೂ ಒಟ್ಟಿಗೇ ಕಲಿಯುತ್ತಿದ್ದರು. ಬಸವರಾಜ ರಾಜಗುರು ಅಲ್ಲಿಯ ಶಿಷ್ಯರೇ. 1936ರಲ್ಲಿ ಹಂಪಿಯಲ್ಲಿ ವಿಜಯನಗರದ 600ನೇ ವರ್ಷದ ಉತ್ಸವ ನಡೆದಾಗ ಹದಿಹರೆಯದ ರಾಜಗುರು ಹಾಡಿದರು. ತಬಲಾ ಸಾಥ್ ಕೊಟ್ಟವರು ಗುರುಗಳೇ! ಶಿಷ್ಯನನ್ನು ಮುಂದೆ ಕೂರಿಸಿ ತಾನು ಪಕ್ಕಕ್ಕೆ ಕೂರುವ ದೊಡ್ಡತನ ಎಷ್ಟು ಜನಕ್ಕಿದೆ? ಗವಾಯಿಗಳ ಬದುಕಿನಲ್ಲಿ ನನಗೆ ಎಲ್ಲಕ್ಕಿಂತ ಇಷ್ಟವಾದದ್ದು ಇದೇ ದೃಶ್ಯ. ಊರಿನ ಅನ್ನ ಉಂಡವರು ಊರಿಗೆ ಒಬ್ಬ ಗಾಯಕನನ್ನು ಕೊಡುತ್ತಿದ್ದರು.

1944ರ ಜೂನ್ 11ರಂದು ಗವಾಯಿಗಳು ಲಿಂಗೈಕ್ಯರಾದರು. ಆಗ ಅವರಿಗೆ 52 ವರ್ಷ. ಆಶ್ರಮದ ಹೊಣೆ ಹೊತ್ತವರು ಶಿಷ್ಯ ಪುಟ್ಟರಾಜ ಗವಾಯಿಗಳು. ಅವರೂ ಹಸುಗೂಸಾಗಿದ್ದಾಗಲೇ ಕಣ್ಣು ಕಳೆದುಕೊಂಡವರು. ಭಕ್ತರು ಅವರಿಗೆ ಮಾಡಿಸುತ್ತಿದ್ದ ತುಲಾಭಾರದ ನಾಣ್ಯಗಳೆಲ್ಲ ಆಶ್ರಮದ ಮಕ್ಕಳ ಊಟಕ್ಕೆ, ಪಾಠಕ್ಕೆ ಹೋಗುತ್ತಿದ್ದವು. ಪಂಚಾಕ್ಷರಿ ಗವಾಯಿಗಳ ಬದುಕು 1995ರಲ್ಲಿ ಸಿನಿಮಾ ಆಯಿತು. ಅದರ ಹಾಡಿಗೆ ರಾಷ್ಟ್ರಪ್ರಶಸ್ತಿ ಪಡೆದವರು ನಮ್ಮ ತೆಲುಗು ನೆರೆಹೊರೆಯವರ ಮನೆಮಗ ಎಸ್. ಪಿ. ಬಾಲಸುಬ್ರಹ್ಮಣ್ಯಂ. ಪಕ್ಕದ ಮನೆಯವರಿಗೆ ಇದನ್ನು ಹೇಳಿದಾಗ ಅವರು ಆ ಹಾಡನ್ನು ಫೋನಿನಲ್ಲಿ ಹುಡುಕಿ ಹಚ್ಚಿಕೊಟ್ಟರು.

ಈಗ ನಾನು ಮಂದಿರಕ್ಕೆ ಹೋಗುತ್ತೇನೆ. ಹೋಗುವಾಗ ಒಬ್ಬರ ತೋಳು, ಬರುವಾಗ ಇನ್ನೊಬ್ಬರ ಆಟೋ. ಶನಿವಾರ ಸಂಜೆ ಗೆಳತಿಯರ ಮಕ್ಕಳು ನಮ್ಮ ಮನೆಗೆ ಬರುತ್ತಾರೆ. ಬಾಯಿಪಾಠವಿರುವ ವಚನಗಳನ್ನು ಅವರಿಗೆ ಹೇಳಿಕೊಡುತ್ತೇನೆ. ಆರು ಮಕ್ಕಳಿದ್ದಾರೆ, ಹೋದ ವಾರ ಏಳನೆಯವಳು ಸೇರಿದಳು.