ಹೊರನಾಡಿನಲ್ಲಿ ರಾಮಾನುಜನ್

ತಿಪಟೂರು, ತುರುವೇಕೆರೆ, ಚಿಕ್ಕನಾಯಕನಹಳ್ಳಿಗಳ ಕಡೆ ತೆಂಗಿನಕಾಯಿ ಬೀಳದ ಸಾರನ್ನು ಸಾರೆಂದು ಒಪ್ಪುವವರು ವಿರಳ. ಕೊಬ್ಬರಿ ಎಣ್ಣೆಗಾಗಿ ಸಮುದ್ರದಾಚೆಯಿಂದ ಊರಿಗೆ ಕಾಗದ ಬರೆಯಬೇಕಾದವನ ಕಷ್ಟ ಆ ಸೀಮೆಯ ಮಕ್ಕಳಿಗೆ ಬೇಗ ತಿಳಿದೀತು. ಹಾಗೆ ಬರೆದವರು ಗಣಿತಜ್ಞ ಶ್ರೀನಿವಾಸ ರಾಮಾನುಜನ್.

1887ರಲ್ಲಿ ಈರೋಡಿನಲ್ಲಿ ಹುಟ್ಟಿ ಕುಂಭಕೋಣದಲ್ಲಿ ಬೆಳೆದ ಅವರು, ಪ್ರೊಫೆಸರ್ ಹಾರ್ಡಿಯವರ ಆಹ್ವಾನದ ಮೇರೆಗೆ 1914ರಲ್ಲಿ ಕೇಂಬ್ರಿಜ್ ಸೇರಿದರು. ಕಟ್ಟಾ ಸಸ್ಯಾಹಾರಿಯಾದ ಅವರಿಗೆ ಕಾಲೇಜಿನ ಭೋಜನಶಾಲೆ ಒಗ್ಗಲಿಲ್ಲ. ಕೋಣೆಯಲ್ಲಿಯೇ ಅನ್ನ ಬೇಯಿಸಿಕೊಂಡರು. ಬೀಜ ತೆಗೆದ ಹುಣಿಸೆಹಣ್ಣೂ ಕೊಬ್ಬರಿ ಎಣ್ಣೆಯೂ ಊರಿನಿಂದ ಅಂಚೆಯಲ್ಲಿ ಬರಬೇಕಾಗಿತ್ತು. ಅಷ್ಟರಲ್ಲಿ ಮಹಾಯುದ್ಧ ಮೊದಲಾಗಿ ತರಕಾರಿಯೂ ದುರ್ಲಭವಾಯಿತು. ಲೆಕ್ಕದಲ್ಲಿ ಮುಳುಗಿದರಂತೂ ಊಟದ ಹೊತ್ತೇ ಮೀರಿಹೋಗುತ್ತಿತ್ತು.

ಒಮ್ಮೆ ಸ್ನೇಹಿತರನ್ನು ಕರೆದು ತಾವೇ ಸಾರು ಮಾಡಿ ಬಡಿಸಿದರು. ಎರಡು ಸಲ ಹಾಕಿಸಿಕೊಂಡ ಅತಿಥಿಗಳು ಮೂರನೆಯ ಸಲ ಸಾಕೆಂದರು. ರಾಮಾನುಜನ್ ಸದ್ದಿಲ್ಲದೆ ಎದ್ದು ಹೊರಟುಹೋದರು. ಕೆಲವು ದಿನ ಕಳೆದ ಮೇಲೆ ಆಕ್ಸ್‌ಫರ್ಡಿನಿಂದ ಅವರ ತಂತಿ ಬಂತು! ನಗು ತರಿಸುವ ಸಂಗತಿಯೇ ಸರಿ; ಆದರೆ ಊರು ಬಿಟ್ಟವನು ಬಡಿಸುವ ಸಾರಿನಲ್ಲಿ ಅವನ ಮನೆಯ ಮಾನವೂ ಇರುತ್ತದೆ.

1917ರಲ್ಲಿ ಅವರು ಕಾಯಿಲೆ ಬಿದ್ದರು. ಆಹಾರವೊಂದೇ ಅದಕ್ಕೆ ಕಾರಣವೆನ್ನಲಾಗದು. ಆರೋಗ್ಯಧಾಮದ ಊಟವಂತೂ ಅವರಿಗೆ ರುಚಿಸಲಿಲ್ಲ. 1918ರಲ್ಲಿ ರಾಯಲ್ ಸೊಸೈಟಿಯ ಫೆಲೋ ಎಂಬ ಗೌರವ ಬಂದುದು ಚಿಕಿತ್ಸೆಯಲ್ಲಿದ್ದಾಗಲೇ. 1919ರ ಮಾರ್ಚಿಯಲ್ಲಿ ಸ್ವದೇಶಕ್ಕೆ ಮರಳಿದರು. 1920ರ ಏಪ್ರಿಲ್ 26ರಂದು ತೀರಿಕೊಂಡರು. ಮನೆಯ ಅಡುಗೆ ಅವರಿಗೆ ಮತ್ತೆ ದೊರೆತದ್ದು ಹದಿಮೂರು ತಿಂಗಳು.