ಎರಡೇ ಖಾನೆಗಳ ನಡುವೆ ಬಾರ್ಬ್ಯಾನ್

ಎರ್ಕ್ಯುಲಿನ್ ಬಾರ್ಬ್ಯಾನ್ ಹುಟ್ಟಿದ್ದು 1838ರ ನವೆಂಬರ್ 8ರಂದು, ಪಶ್ಚಿಮ ಫ್ರಾನ್ಸಿನ ಸ್ಯಾನ್-ಝಾನ್-ದಾಂಜೆಲಿ ಎಂಬ ಊರಿನಲ್ಲಿ. ಜನನದ ದಾಖಲೆಯಲ್ಲಿ ಹೆಣ್ಣುಮಗುವೆಂದೇ ನಮೂದಾಯಿತು. ಮುಂದೆ ಆತ್ಮಕಥೆ ಬರೆಯುವಾಗ ಬಾರ್ಬ್ಯಾನ್ ತಮ್ಮನ್ನು ಒಮ್ಮೆ ಸ್ತ್ರೀಲಿಂಗದಲ್ಲಿ, ಒಮ್ಮೆ ಪುಲ್ಲಿಂಗದಲ್ಲಿ ಹೇಳಿಕೊಂಡಿದ್ದಾರೆ. ಕನ್ನಡದ ಗೌರವಸೂಚಕ ಬಹುವಚನಕ್ಕೆ ಪುಣ್ಯವಶಾತ್ ಆ ತೊಡಕಿಲ್ಲ.

ತಂದೆ ಬೇಗ ತೀರಿಕೊಂಡರು. ಸನ್ಯಾಸಿನಿಯರ ಶಾಲೆಯಲ್ಲಿ ಧರ್ಮಾರ್ಥವಾಗಿ ಕಲಿತು, ಶಿಕ್ಷಕಿಯರ ತರಬೇತಿ ಮುಗಿಸಿದ ಬಾರ್ಬ್ಯಾನ್ 1857ರಲ್ಲಿ ಬಾಲಿಕೆಯರ ಶಾಲೆಯೊಂದನ್ನು ಸೇರಿದರು. ಓರಗೆಯ ಹುಡುಗಿಯರಂತೆ ಅವರು ಋತುಮತಿಯಾಗಲಿಲ್ಲ. ಮುಖದಲ್ಲಿ ರೋಮ ಮೂಡಿದಾಗ ಕತ್ತರಿಯಿಂದ ಕತ್ತರಿಸಿಕೊಂಡರು. ಇದೇನೆಂದು ವಿವರಿಸುವ ಹಿರಿಯರು ಯಾರೂ ಇರಲಿಲ್ಲ. ಮುಖ್ಯೋಪಾಧ್ಯಾಯಿನಿಯ ಮಗಳೂ ಸಹೋದ್ಯೋಗಿಯೂ ಆಗಿದ್ದ ಸಾರಾಳೊಂದಿಗೆ ಪ್ರೇಮ ಬೆಳೆಯಿತು. ಹೊಟ್ಟೆನೋವು ಕಾಡಿದಾಗ ಪರೀಕ್ಷಿಸಿದ ವೈದ್ಯರು ಗಾಬರಿಯಾದರು. ಮುಖ್ಯೋಪಾಧ್ಯಾಯಿನಿ ಮಾತು ಹೊರಬೀಳದಂತೆ ನೋಡಿಕೊಂಡರು.

ಕೊನೆಗೆ ಬಾರ್ಬ್ಯಾನ್ ಲಾ ರೊಷೆಲ್‌ನ ಬಿಷಪ್ಪರಲ್ಲಿ ಎಲ್ಲವನ್ನೂ ಅರಿಕೆ ಮಾಡಿಕೊಂಡರು. ಅವರ ಸೂಚನೆಯಂತೆ ಪರೀಕ್ಷಿಸಿದ ಡಾ. ಶೆನೆ, ಸ್ತ್ರೀಪುರುಷ ಲಕ್ಷಣಗಳೆರಡೂ ಇದ್ದರೂ ಪುರುಷನೆಂದೇ ತೀರ್ಮಾನಿಸಿದರು. 1860ರಲ್ಲಿ ನ್ಯಾಯಾಲಯ ದಾಖಲೆ ತಿದ್ದಿಸಿತು. ಹೆಸರು ಆಬೆಲ್ ಎಂದಾಯಿತು. ಆಗ ವಯಸ್ಸು 21. ವೈದ್ಯರಾಗಲಿ ಬಿಷಪ್ಪರಾಗಲಿ ಕ್ರೂರಿಗಳಾಗಿರಲಿಲ್ಲ. ಕಾನೂನಿನ ಕಡತದಲ್ಲಿ ಇದ್ದುದೇ ಎರಡು ಖಾನೆ, ಅಷ್ಟೆ.

ತಿದ್ದುಪಡಿಯೊಂದಿಗೆ ಉದ್ಯೋಗ, ಸಾರಾ, ಊರು ಎಲ್ಲವೂ ಕೈತಪ್ಪಿದವು. ಪತ್ರಿಕೆಗಳಿಗೆ ಅದು ರೋಚಕ ಸುದ್ದಿ. ಪ್ಯಾರಿಸ್ ಸೇರಿದ ಆಬೆಲ್ ರೈಲ್ವೆ ಕಚೇರಿಯಲ್ಲಿ ಕೆಲವು ಕಾಲ ದುಡಿದರು. ಶಿಕ್ಷಕಿಯಾಗಲು ಕಲಿತಿದ್ದ ವಿದ್ಯೆ ಗಂಡಸಿನ ಬದುಕಿಗೆ ಒದಗಲಿಲ್ಲ. ಆಳಿನ ಕೆಲಸ ಕೇಳಿದರೆ ದುರ್ಬಲ ಶರೀರವೆಂದು ಹಿಂದಕ್ಕೆ ಕಳುಹಿಸಿದರು. 1868ರ ಫೆಬ್ರುವರಿಯಲ್ಲಿ, 29ರ ವಯಸ್ಸಿನಲ್ಲಿ, ಬಾಡಿಗೆ ಕೋಣೆಯಲ್ಲಿ ಆತ್ಮಹತ್ಯೆ ಮಾಡಿಕೊಂಡರು. ಪಕ್ಕದಲ್ಲಿ ಆತ್ಮಕಥೆಯ ಹಸ್ತಪ್ರತಿಯಿತ್ತು.

ಅದು ನ್ಯಾಯವೈದ್ಯ ಒಗ್ಯೂಸ್ತ್ ತಾರ್ದಿಯೆ ಅವರ ಕೈಸೇರಿತು. 1870ರ ದಶಕದಲ್ಲಿ ಅವರು ತಮ್ಮ ವೈದ್ಯಶಾಸ್ತ್ರೀಯ ಗ್ರಂಥದಲ್ಲಿ ಅದನ್ನು ಸೇರಿಸಿದರು. ಶಾಲೆಯ ದಿನಗಳನ್ನು ಉಳಿಸಿಕೊಂಡು ಕೊನೆಯ ವರ್ಷಗಳ ಗೋಳನ್ನು ಬಹುಪಾಲು ಕೈಬಿಟ್ಟರು. 1978ರಲ್ಲಿ ಮಿಶೆಲ್ ಫೂಕೊ ಮರುಪ್ರಕಟಿಸಿದ್ದು ಈ ಪಠ್ಯವನ್ನೇ. ಅದನ್ನು ಓದಿ ತೃಪ್ತರಾಗದ ಅಮೆರಿಕದ ಜೆಫ್ರಿ ಯುಜೆನಿಡಿಸ್, ಹದಿನಾಲ್ಕರ ಪ್ರಾಯದಲ್ಲಿ ತಾನು ಅಂತರಲಿಂಗಿ ಎಂದರಿಯುವ ಕ್ಯಾಲಿಯೊಪಿಯ ಕಥೆಯನ್ನು 2002ರಲ್ಲಿ ‘ಮಿಡ್ಲ್‌ಸೆಕ್ಸ್’ ಕಾದಂಬರಿಯಾಗಿಸಿದರು. ತಾರ್ದಿಯೆ ಬಿಟ್ಟ ಪುಟಗಳು ಮಾತ್ರ ಮತ್ತೆ ಯಾರ ಕೈಗೂ ಸಿಗಲಿಲ್ಲ.